ಅರವತ್ತು ಎಣಿಸುವವರೆಗೆ ಸುಮ್ಮನಿರಿ

ಬೆಳಗಿನ ಐದೂವರೆ. ಮನೆಯ ಮುಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತ ಇಪ್ಪತ್ತೈದರ ಯುವತಿ ಕೈಯಂತ್ರದ ಹಿಡಿ ತಿರುಗಿಸುತ್ತಿದ್ದಾಳೆ. ತಾಮ್ರದ ತಂತಿ ಸುರುಳಿಯಾಗುತ್ತಿದೆ. ಮೂವತ್ತೊಂದು, ಮೂವತ್ತೆರಡು...

"ಏನಮ್ಮಾ, ಎಲ್ಲಾದ್ರೂ ಕೆಲಸ ಸಿಕ್ತಾ?" ಕಿಟಕಿಯಲ್ಲಿ ಹಾಲಿನವರ ಮುಖ.

ಹೋಯಿತು! ಮೂವತ್ತೆರಡೋ ಮೂವತ್ಮೂರೋ, ಆ ದೇವರಿಗೇ ಗೊತ್ತು. ಕತ್ತರಿ ಹಿಡಿದು ತಂತಿ ಕತ್ತರಿಸಿ ಮೂಲೆಗೆಸೆದು ಮತ್ತೆ ಒಂದರಿಂದ ಶುರು.

ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವುದು ಇವಳ ಕಸುಬು. ಭೌತಶಾಸ್ತ್ರದಲ್ಲಿ ಪದವಿ ಪಡೆದಿರುವುದರಿಂದ ಬೀದಿಯವರಿಗೆ ಇವಳು 'ಡಿಗ್ರಿ ಅಕ್ಕ'. ಇಂದು ಕೈಯಲ್ಲಿರುವುದು ಹೆಣ್ಣುಮಕ್ಕಳ ಹಾಸ್ಟೆಲಿನ ನೀರಿನ ಪಂಪು. ಇಪ್ಪತ್ನಾಲ್ಕು ಸುರುಳಿ, ಒಂದೊಂದಕ್ಕೂ ಅರವತ್ತು ಸುತ್ತು. ಮಧ್ಯಾಹ್ನದೊಳಗೆ ಸುತ್ತಿ ಮುಗಿಸಿದರೆ ಮೋಟಾರಿನೊಳಗೆ ಕೂರಿಸಿ, ವಾರ್ನಿಷ್ ಹಾಕಿ, ಬಲ್ಬಿನ ಕಾವಿನಲ್ಲಿ ಒಣಗಿಸಿ ನಾಳೆ ಬೆಳಿಗ್ಗೆ ಒಪ್ಪಿಸಬಹುದು. ತಪ್ಪಿದರೆ ವಾರ್ಡನ್ ಬೇರೆಯವರನ್ನು ಕರೆಸುತ್ತಾರೆ. ಹಾಸ್ಟೆಲಿನ ಉಳಿದ ಐದು ಪಂಪುಗಳೂ ಅವರ ಪಾಲಾಗುತ್ತವೆ.

"ಹಳೇ ಯಂತ್ರ, ಲೆಕ್ಕದ ಮುಳ್ಳು ಕೆಟ್ಟಿದೆ. ಬಾಯಲ್ಲೇ ಎಣಿಸ್ಬೇಕು. ಎರಡು ಸುತ್ತು ಹೆಚ್ಚುಕಮ್ಮಿ ಆದ್ರೂ ಮೋಟಾರು ಬಿಸಿಯಾಗುತ್ತೆ. ಅದಕ್ಕೇ ನಸುಕಲ್ಲೇ ಕೂರೋದು. ಆಗ ಯಾರೂ ಎದ್ದಿರಲ್ಲ ಅಂದ್ಕೊಂಡಿದ್ದೆ. ಎಲ್ಲಾ ಎದ್ದಿರ್ತಾರೆ!" ಎನ್ನುತ್ತಾಳೆ.

ಪದವಿ ಮುಗಿದು ಮೂರು ವರ್ಷ. ಮೊದಲ ವರ್ಷ ಅರ್ಜಿ ಗುಜರಾಯಿಸಿದ್ದೇ ಬಂತು. ಆಮೇಲೆ ಪದವೀಧರರಿಗಾಗಿ ಹತ್ತು ದಿನದ ಸ್ವಉದ್ಯೋಗ ತರಬೇತಿ. ಮೂವತ್ತು ವರ್ಷ ತಿಂಗಳ ಸಂಬಳ ಎಣಿಸಿಕೊಂಡ ಮಹನೀಯರೊಬ್ಬರು ಅಲ್ಲಿ ಸ್ವಂತ ಕಾಲ ಮೇಲೆ ನಿಲ್ಲುವುದು ಹೇಗೆಂದು ಕೊರೆದರಂತೆ. ಕೊನೆಗೆ ಸಿಕ್ಕ ಪ್ಲಾಸ್ಟಿಕ್ ಫೈಲಿನಲ್ಲಿ ಈಗ ಸುರುಳಿಗಳ ನಡುವೆ ತೂರಿಸುವ ಕಾಗದ ಮಡಿಕೆಯಾಗದೆ ಇದೆ. ಅಷ್ಟರಮಟ್ಟಿಗೆ ತರಬೇತಿ ಸಾರ್ಥಕ. ನಿಜವಾಗಿ ಕಲಿಸಿದ್ದು ಪೇಟೆಯ ಮುದುಕ ಮೇಸ್ತ್ರಿ. ಆರು ತಿಂಗಳು ಬರೀ ಸುಟ್ಟ ತಂತಿ ಕೀಳಿಸಿ, ಆಮೇಲೆ ಹಿಡಿ ಮುಟ್ಟಗೊಟ್ಟರು.

ಹತ್ತೊಂಬತ್ತನೇ ಸುರುಳಿ. ನಲವತ್ನಾಲ್ಕು...

"ಮಗಳೇ, ಈ ಅರ್ಜಿಗೆ ಇವತ್ತೇ ಕೊನೇ ದಿನ." ಅಪ್ಪ. ಕೈಯಲ್ಲಿ ಪತ್ರಿಕೆಯ ತುಣುಕು. ದಿನಾ ಒಂದಾದರೂ ಕತ್ತರಿಸದಿದ್ದರೆ ಅವರಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಹಿಡಿ ನಿಲ್ಲುತ್ತದೆ. ತಂತಿ ಕತ್ತರಿಸಿ ಮೂಲೆಗೆಸೆಯುತ್ತಾಳೆ. "ಅಪ್ಪಾ, ಬೆಳಿಗ್ಗೆಯಿಂದ ನಾನ್ ಮಾಡ್ತಿರೋದೇನು ಹಾಗಾದ್ರೆ? ನಿದ್ದೇನಾ?"

"ಅಯ್ಯೋ, ಇದು ಇದ್ದೇ ಇರುತ್ತಲ್ಲಮ್ಮಾ. ಒಂದು ಕೆಲಸ ಅಂತ ಸಿಗೋವರೆಗೂ..."

"ಆ ಮೂಲೆ ನೋಡಿ."

ಮೂಲೆಯಲ್ಲಿ ತುಂಡು ತಾಮ್ರದ ರಾಶಿ. ಹಾಲಿನವರದ್ದು, ಎದುರುಮನೆಯವರದ್ದು, ಒಂದು ಹಿಡಿ ಈಗಷ್ಟೇ ಅಪ್ಪನದ್ದು. ಎಲ್ಲರೂ ಒಳ್ಳೆಯವರೇ. ಕೇಡು ಬಯಸುವವರಾದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಈ ಹಿತೈಷಿಗಳ ಕಾಟ ತಡೆಯುವುದು ಹೇಗೆ? ಅಪ್ಪ ತುಣುಕನ್ನು ಜೇಬಿಗಿಟ್ಟು ಹೊಸ್ತಿಲ ಬಳಿ ಕೂರುತ್ತಾರೆ.

ನಿಮಗೇನು ಬೇಕೆಂದು ಕೇಳಿದರೆ ಅವಳು ಸಾಲ ಸೌಲಭ್ಯ, ದೊಡ್ಡ ಅಂಗಡಿ ಎಂದೇನೂ ಹೇಳುವುದಿಲ್ಲ. "ಅರವತ್ತು ಎಣಿಸೋವಷ್ಟು ಹೊತ್ತು ಯಾರೂ ಏನೂ ಕೇಳ್ಬಾರ್ದು. ಅದು ದೊಡ್ಡ ಆಸೇನಾ, ನೀವೇ ಹೇಳಿ?"

ಹನ್ನೊಂದೂ ಮುಕ್ಕಾಲು. ಕೊನೆಯ ಸುರುಳಿ. ತುಟಿ ಅಲುಗುತ್ತಿದೆ, ಹಿಡಿ ತಿರುಗುತ್ತಿದೆ. ಅಷ್ಟರಲ್ಲಿ ಗೇಟಿನ ಸದ್ದು, ದೊಡ್ಡಮ್ಮ.

"ಏನಪ್ಪಾ, ನಿನ್ನ ಮಗಳಿಗೆ ಎಲ್ಲಾದ್ರೂ..."

ಹೊಸ್ತಿಲ ಬಳಿ ಕೂತಿದ್ದ ಅಪ್ಪ ದಡಕ್ಕನೆ ಎದ್ದು ಎರಡೂ ಕೈ ಅಡ್ಡ ಹಿಡಿಯುತ್ತಾರೆ.

"ಸುಮ್ನಿರಿ ಅತ್ತಿಗೆ! ಐವತ್ತೇಳಾಗಿದೆ."