ಟಿವಿಗೆ ಬೆನ್ನು ಹಾಕಿ ಕೂತವರು

ತಾವು ನಟಿಸಿದ ಸಿನಿಮಾ ಹಚ್ಚಿದರೆ ಫಕೀರಪ್ಪಜ್ಜ ಕುರ್ಚಿ ತಿರುಗಿಸಿ ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನೋಡುತ್ತಿದ್ದುದು ನಮ್ಮ ಮುಖಗಳನ್ನು. ಈ ಪರದೇಶದ ಮೆಡೋವೇಲಿನಲ್ಲಿದ್ದ ಮಗಳ ಮನೆಯ ಸೋಫಾದಲ್ಲಿ ಕೂತವರೆಲ್ಲ ನಗಲೇಬೇಕು. ಒಮ್ಮೆ ಪಕ್ಕದ ಮನೆಯವನಾದ ನಾನು ಫೋನಿನಲ್ಲಿ ಮುಳುಗಿದ್ದೆ. ಅಜ್ಜ ಗದರಿದರು: “ಲೇ ಮಂಗ್ಯಾ, ಅಲ್ಲಿ ನಾ ಬಾವ್ಯಾಗ ಬಿದ್ದೀನಿ, ನೀ ಮೆಸೇಜ್ ನೋಡ್ತೀಯೇನು?”

ಅಜ್ಜ ಹುಬ್ಬಳ್ಳಿ ಕಡೆಯ ನಾಟಕ ಕಂಪನಿಯ ಹಾಸ್ಯನಟ. ಕಂಪನಿ ಮುಚ್ಚಿದ ಮೇಲೆ ಬೆಂಗಳೂರಿಗೆ ಹೋಗಿ ಸಿನಿಮಾ ಸೇರಿದರು: ಕಾನ್‌ಸ್ಟೇಬಲ್, ಪೋಸ್ಟ್‌ಮನ್, ಕುಡುಕ, ಮತ್ತೆ ಕಾನ್‌ಸ್ಟೇಬಲ್. ಮೊದಲ ಶೂಟಿಂಗಿನಲ್ಲಿ ಮಾತು ಮುಗಿಸಿ, ನಗು ಬರಲೆಂದು ಕಾದು ನಿಂತರಂತೆ. ಯಾರೂ ನಗಲಿಲ್ಲ. ಸೋತೆ ಅಂದುಕೊಂಡು ಡೈರೆಕ್ಟರಿಗೆ ಕೈಮುಗಿದರೆ, “ಚೆನ್ನಾಗಿತ್ತು. ಆಮೇಲೆ ಸುಮ್ನೆ ಯಾಕ್ರೀ ನಿಂತ್ರಿ? ಅಷ್ಟು ಕಟ್ ಮಾಡ್ತೀವಿ ಬಿಡಿ” ಅಂದರಂತೆ.

“ನಕ್ಕರ ಟೇಕ್ ಕೆಡತೈತಂತ ತಮ್ಮಾ! ನಗಸಾಕ ನನ್ನ ಕರಸಿ, ನಗಬ್ಯಾಡ್ರಿ ಅಂತ ಎಲ್ಲಾರ ಬಾಯಿ ಕಟ್ಟಿದ್ರು.” ಹಾಗಾಗಿ ಟಾಕೀಸಿನ ಮುಂದಿನ ಸಾಲಿನಲ್ಲಿ ಹಿಂದೆ ತಿರುಗಿ ಕೂತು, ಮಂದಿ ನಗುವುದನ್ನು ನೋಡುವ ಚಟ ಹತ್ತಿತು.

ಇಲ್ಲಿಗೆ ಬಂದ ಮೇಲೆ ಗಂಟಲ ಆಪರೇಷನ್ ಆಗಿ ದನಿ ಹೋಯಿತು, ಪಿಸುಮಾತೊಂದೇ ಉಳಿಯಿತು. ನಾನೋ ಊರವರೆಲ್ಲರ ದನಿಯನ್ನು ಅಣಕಿಸುವವನು. ನನ್ನ ಸ್ವಂತ ದನಿಗೆ ಮನೆಯ ನಾಯಿಯೂ ತಿರುಗಿ ನೋಡುವುದಿಲ್ಲ. ಒಂದು ಸಂಜೆ ಅಜ್ಜನ ಪಕ್ಕ ಕೂತು, ತಮಾಷೆಗೆ ಅವರ ದನಿಯಲ್ಲಿ ಕೂಗಿದೆ: “ಅನಸೂಯಾ, ಚಾ ಎಲ್ಲೈತವಾ?”

ಬೇಸ್‌ಮೆಂಟಿನಿಂದ ಮಗಳು ಅನಸೂಯಕ್ಕ ಒಗೆದ ಬಟ್ಟೆ ಹಿಡಿದೇ ಓಡಿ ಬಂದಳು. “ಅಪ್ಪಾ! ದನಿ ಬಂತೇನು?”

ನನ್ನ ಮುಖ ಕಂಡು ಟವೆಲಿನಿಂದ ಒಂದು ಬಾರಿಸಿದಳು. ಅದೇ ಟವೆಲಿನಿಂದ ಕಣ್ಣೊರೆಸಿಕೊಂಡಳು. ಅಜ್ಜ ಮಾತ್ರ ನನ್ನ ಕಿವಿ ಹಿಡಿದು ಹತ್ತಿರ ಎಳೆದು ಪಿಸುಗುಟ್ಟಿದರು: “ನೀ ಮಾತಾಡು. ನಾ ಆಡ್ತೀನಿ.”

ಎರಿನ್ ಮಿಲ್ಸಿನ ಶಾಲೆಯೊಂದರಲ್ಲಿ ನಮ್ಮ ಕನ್ನಡದವರ ಕಾರ್ಯಕ್ರಮವಿತ್ತು. ಅಜ್ಜ ಆಡಬೇಕಾದದ್ದು ಕಂಪನಿಯ ಹಳೆಯ ಪಾತ್ರ: ದಾರಿ ತಪ್ಪಿ ಬೇರೆಯವರ ಮದುವೆಗೆ ಬಂದು ಕೂತ ಮದುಮಗ. ಅಜ್ಜ ಹೆದರಿದ್ದರು.

“ನಕ್ಕೇ ನಗ್ತಾರ ಬಿಡಜ್ಜಾ.”

“ಮರ್ಯಾದಿಗೆ ನಕ್ಕರ ನನಗ ತಿಳಿತೈತಿ.”

ಸೋಫಾದ ಮೇಲಿನ ನಮ್ಮ ನಗೆ ನೆನಪಾಗಿ ನನ್ನ ಕಿವಿ ಬಿಸಿಯಾಯಿತು.

ಅದೇ ಅವರ ಕೊನೆಯ ಆಟ, ತಿಂಗಳೊಳಗೆ ತೀರಿಕೊಂಡರು. ಅಂದು ನಾನು ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ, ಮೈಕ್ ಹಿಡಿದು ಮಾತಾಡುತ್ತಿದ್ದೆ, ಅಜ್ಜ ರಂಗದ ಮೇಲೆ ತುಟಿ ಆಡಿಸುತ್ತಿದ್ದರು. ಮೊದಮೊದಲು ಬಂದದ್ದು ಮರ್ಯಾದೆಯ ನಗುವೇ. ಅಜ್ಜನ ಭುಜ ಇಳಿಯಿತು. ಆಮೇಲೆ ಪಂಕ್ತಿಯಲ್ಲಿ ಊಟಕ್ಕೆ ಕೂತ ಮದುಮಗ, ಎದುರಿಗೆ ನಿಜವಾದ ಮದುಮಗನನ್ನು ಕಂಡು, ಮೆಲ್ಲಗೆ ಎದ್ದ. ಎರಡು ಹೆಜ್ಜೆ ಹೋದ. ವಾಪಸು ಬಂದು ಬಡಿಸಿದ ಬಾಳೆಎಲೆಯನ್ನು ಹೋಳಿಗೆ ಸಮೇತ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ಹಿಂದಿನ ಸಾಲಿನಲ್ಲಿ, ಕನ್ನಡ ಅರೆಬರೆ ಬರುವ ಹುಡುಗಿಯೊಬ್ಬಳು ಗೊಳ್ಳನೆ ನಕ್ಕಳು. ಅವಳ ಹಿಂದೆಯೇ ಇಡೀ ಸಭೆ. ನಾನು ಮುಂದಿನ ಮಾತಿಗೆ ಬಾಯಿ ತೆಗೆದೆ. ಅಜ್ಜ ನನ್ನತ್ತ ಅಂಗೈ ಎತ್ತಿದರು. ನಿಲ್ಲು. ನಗು ತಗ್ಗಿ, ಮತ್ತೆ ಎದ್ದಿತು. ಅವರು ಕಣ್ಣು ಮುಚ್ಚಿ ಕೇಳುತ್ತ ನಿಂತರು.

ಇನ್ನೂ ಅರ್ಧ ಪುಟ ಮಾತಿತ್ತು. ಅಜ್ಜ ಅದಕ್ಕೆ ಕಾಯಲಿಲ್ಲ. ಎಲೆ ಕಂಕುಳಲ್ಲಿ ಅವುಚಿಕೊಂಡು, ಆ ನಗುವಿನೊಳಗೇ ನಡೆದು, ಆಚೆ ಬದಿಯ ವಿಂಗಿನಿಂದ ಹೊರಟುಹೋದರು.