ಬೀಗರ ಜೇಬಿನ ಕೀಲಿಕೈ

ಪರದೆಯ ಮೇಲೆ ಟೀಚರ್ ಚೋಲ್ಪೊನ್ "ಊ" ಅಂದರು. ಅವರ ತುಟಿ ದುಂಡಗಾಗಿದ್ದು ಮಾತ್ರ ದನಿ ಬಂದು ಮುಗಿದ ಮೇಲೆ. ನಾಲ್ಕೂವರೆ ವರ್ಷದ ಸೆಜಿಮ್‌ಗೆ ತುಟಿ ನೋಡಬೇಕೋ ದನಿ ಕೇಳಬೇಕೋ ತಿಳಿಯಲಿಲ್ಲ. ಎರಡನ್ನೂ ಬಿಟ್ಟು ಮೇಜಿನ ಅಂಚು ಕಡಿಯುತ್ತ ಕೂತಳು.

"ಮೀರಿಮ್, ಹೀಗಾದ್ರೆ ಪ್ರಯೋಜನ ಇಲ್ಲಮ್ಮ," ಟೀಚರ್ ಅಂದರು. "ಮಗು ನನ್ನ ಬಾಯಿ ನೋಡಿ ಕಲೀಬೇಕು. ಬಾಯಿ ಒಂದು ಹೇಳತ್ತೆ, ದನಿ ಇನ್ನೊಂದು ಹೇಳತ್ತೆ. ಬರೋ ಮಾತನ್ನೂ ಮರೆತುಬಿಡ್ತಾಳೆ. ಸ್ವಲ್ಪ ಸ್ಪೀಡಿರೋ ಲೈನ್ ಹಾಕಿಸ್ಕೊಳ್ಳೋಕೆ..."

ಅಷ್ಟಕ್ಕೆ ಚಿತ್ರ ನಿಂತಿತು. ಟೀಚರ್ ಬಾಯಿ ತೆರೆದವರು ತೆರೆದೇ ಉಳಿದರು.

ಮೀರಿಮ್ ಫ್ರಿಜ್ ಬಾಗಿಲ ಮೇಲಿನ ಚೀಟಿ ನೋಡಿದಳು. ಮಗಳು ಆಡುವ ಮಾತುಗಳನ್ನೆಲ್ಲ ಅವಳು ಅಲ್ಲಿ ಬರೆದಿಟ್ಟಿದ್ದಳು. ಚಳಿಗಾಲ ಶುರುವಾದಾಗ ಹದಿನಾಲ್ಕಿತ್ತು. ಅದರಲ್ಲಿ ಮೂರರ ಮೇಲೆ ಈಗ ಪೆನ್ಸಿಲ್ ಗೆರೆ ಬಿದ್ದಿತ್ತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಲೆ ಹಚ್ಚುವ ಮೊದಲು ಆ ಚೀಟಿ ನೋಡುವುದು, ಇವತ್ತು ಯಾವುದು ಹೋಗುತ್ತದೋ ಅಂತ ಹೆದರುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಮಾತು ಕಲಿಸುವ ಟೀಚರ್ ನಾರಿನ್ ಊರಲ್ಲೆಲ್ಲೂ ಇರಲಿಲ್ಲ. ಟೀಚರ್ ಇರುವ ರಾಜಧಾನಿ ಬಿಷ್ಕೆಕ್‌ಗೆ ಹೋಗಬೇಕೆಂದರೆ ಬಾಡಿಗೆ ಕಾರಿನಲ್ಲಿ ಆರು ತಾಸು, ಅದೂ ಕಣಿವೆಯ ದಾರಿಯಲ್ಲಿ ಹಿಮ ಬೀಳದಿದ್ದರೆ. ಹಾಗಾಗಿ ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ ಹನ್ನೊಂದು ಗಂಟೆಗೆ, ಟೀಚರ್ ತಂತಿಯ ಮೇಲೇ ಬರುತ್ತಿದ್ದರು. ಮೊಬೈಲಿನಲ್ಲಿ ನೋಡೋಣವೆಂದರೆ ಇವರ ಐದು ಮಹಡಿಯ ಕಟ್ಟಡ ಬಂಡೆಗುಡ್ಡದ ಬುಡದಲ್ಲಿದೆ. ಫೋನಿನಲ್ಲಿ ಮಾತಾಡುವಷ್ಟು ಸಿಗ್ನಲ್ ಸಿಗುತ್ತದೆ, ಇಂಟರ್ನೆಟ್ ಮಾತ್ರ ಕಿಟಕಿಯ ತನಕ ಬಂದು ವಾಪಸ್ ಹೋಗುತ್ತದೆ. ಗಂಡ ಕಲ್ಲಿದ್ದಲು ಗಣಿಯ ಲಾರಿ ಓಡಿಸುವವನು, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಇಂಟರ್ನೆಟ್ ಬೆಲೆ ಎರಡನೇ ಸಲ ಏರಿದಾಗಲೇ ಮೀರಿಮ್ ಎಲ್ಲಕ್ಕಿಂತ ಕೆಳಗಿನ ಪ್ಲಾನಿಗೆ ಇಳಿದಿದ್ದಳು. ಈಗ ಮೂರನೇ ಸಲ ಏರಿತ್ತು. ಇಳಿಯೋಕೆ ಕೆಳಗೆ ಜಾಗವೇ ಉಳಿದಿರಲಿಲ್ಲ.

ಮೆಟ್ಟಿಲ ಬುಡದಲ್ಲಿ ಹೊಸ ಬೆಲೆಯ ಕಾಗದ ಅಂಟಿಸಿದ ದಿನ ಅದರ ಮುಂದೆ ಹೆಂಗಸರ ಸಂತೆಯೇ ನೆರೆದಿತ್ತು.

"ಮೊದಲು ಹಿಟ್ಟಿಗೆ ಏರಿಸಿದ್ರು, ಆಮೇಲೆ ಕಲ್ಲಿದ್ದಲಿಗೆ. ಈಗ ಗಾಳೀಲಿ ಬರೋದಕ್ಕೂ ಬೆಲೆ!"

"ಗಾಳೀಲಲ್ಲ ಕಣೆ, ಇದು ತಂತೀಲಿ ಬರೋದು."

"ನಮ್ಮನೆಗೆ ತಂತೀಲೂ ಬರಲ್ಲ, ಬಿಲ್ ಮಾತ್ರ ಬರತ್ತೆ."

ಪಕ್ಕದ ಕಟ್ಟಡಕ್ಕೆ ಬಿಷ್ಕೆಕ್‌ನ ಒಂದು ಕಂಪನಿ ಬಂದಿತ್ತು. ಬೆಲೆ ಸುಮಾರು ಅರ್ಧ. ಅವರ ಹುಡುಗರು ಇಲ್ಲಿಗೂ ಎರಡು ಸಲ ಬಂದು ಹೋಗಿದ್ದರು. ತಂತಿ ಇಳಿಸಬೇಕಾದರೆ ಅಟ್ಟಕ್ಕೆ ಹತ್ತಬೇಕು, ಅಟ್ಟಕ್ಕೆ ಕಬ್ಬಿಣದ ಬಾಗಿಲು, ಆ ಬಾಗಿಲಿಗೆ ಕೀಲಿ. ಕೀಲಿಕೈ ಇದ್ದದ್ದು ಊರಲ್ಲಿ ಒಬ್ಬರ ಹತ್ತಿರ ಮಾತ್ರ: ಈಗಿನ ಇಂಟರ್ನೆಟ್ ಕಂಪನಿಯ ಯಜಮಾನ ಶಾರ್ಶೆನ್. ಅದು ಅವರ ಕೈಗೆ ಹೋದದ್ದು ಹೇಗೆಂದು ಹೇಳಬೇಕಾದವರು ಎರಡನೇ ಮಹಡಿಯ ಕನಿಶಾಯ್ ಎಜೆ.

ಎಜೆ ಅಂದರೆ ಅಕ್ಕ. ಕನಿಶಾಯ್ ಎಜೆ ಕಟ್ಟಡಕ್ಕೆಲ್ಲ ಅಕ್ಕ. ಹತ್ತೊಂಬತ್ತು ವರ್ಷದಿಂದ ಕಟ್ಟಡದ ಮೇಲ್ವಿಚಾರಣೆ ಅವರದೇ. ನೆಲಮಾಳಿಗೆ, ನೀರಿನ ವಾಲ್ವ್, ಕರೆಂಟಿನ ಪೆಟ್ಟಿಗೆ, ಊರಿಗೆ ಹೋದವರ ಮನೆ, ಎಲ್ಲದರ ಕೀಲಿಕೈಯೂ ಅವರ ಸೊಂಟದ ಗೊಂಚಲಿನಲ್ಲಿ. ಅವರು ಮೆಟ್ಟಿಲಿಳಿದರೆ ಕುರಿಮಂದೆ ಇಳಿದಂತೆ ಸದ್ದು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕೈಯಿಂದ ತಂತಿ ಜೋಡಿಸಿದವರು. ಆಗ ದೂರದೂರಿಗೆ ಮಾತಾಡಬೇಕೆಂದರೆ ಹೆಸರು ಬರೆಸಿ ಎರಡು ದಿನ ಕಾಯಬೇಕಿತ್ತು, ಸಿಕ್ಕರೆ ಮೂರೇ ನಿಮಿಷ. ಸೈನ್ಯಕ್ಕೆ ಹೋದ ಮಗನ ಹತ್ತಿರ ತಾಯಿ ಮಾತಾಡುತ್ತಿದ್ದರೆ ಕನಿಶಾಯ್ ಗಡಿಯಾರದ ಕಡೆ ಬೆನ್ನು ತಿರುಗಿಸುತ್ತಿದ್ದರಂತೆ. ಅದಕ್ಕೆ ಎರಡು ಸಲ ಸಂಬಳವೂ ಕಡಿತವಾಗಿತ್ತು. "ತಾಯಂದಿರು ಮೊದಲ ಮೂರು ನಿಮಿಷ ಬರೀ ಅಳ್ತಾರೆ. ಮಾತು ಶುರುವಾಗೋದೇ ನಾಲ್ಕನೇದ್ರಲ್ಲಿ," ಅನ್ನುತ್ತಿದ್ದರು.

ಅಂಥವರು ಅರ್ಥ ಮಾಡಿಕೊಳ್ಳದೆ ಇರುತ್ತಾರೆಯೇ ಎಂದುಕೊಂಡು ಆ ಮಂಗಳವಾರ ಮಧ್ಯಾಹ್ನ ಮೀರಿಮ್ ಮಗಳನ್ನು ಎತ್ತಿಕೊಂಡು ಕೆಳಗಿಳಿದಳು.

ಎಜೆ ಹಾಲು ಹಾಕಿದ ಚಹಾ ಬಗ್ಗಿಸಿದರು, ಬೂರ್ಸೋಕು ಅನ್ನುವ ಕರಿದ ಹಿಟ್ಟಿನ ತುಂಡುಗಳ ತಟ್ಟೆ ಮುಂದಿಟ್ಟರು, ಗೊಂಚಲು ಬಿಚ್ಚಿ ಸೆಜಿಮ್ ಕೈಗೆ ಕೊಟ್ಟರು. ಆ ಮನೆಗೆ ಬಂದರೆ ಅವಳ ಆಟದ ಸಾಮಾನು ಅದೇ.

"ಎಜೆ, ಅಟ್ಟದ ಬಾಗಿಲು ತೆಗೆಸಿಕೊಡಿ," ಮೀರಿಮ್ ನೇರವಾಗಿ ಕೇಳಿದಳು. "ಹೊಸ ಕಂಪನಿಯವರು ನಾಳೆಯೇ ಬರ್ತಾರಂತೆ."

ಎಜೆ ತಟ್ಟೆಯನ್ನು ಅವಳತ್ತ ಇನ್ನಷ್ಟು ಸರಿಸಿದರು. ಊರಿಗೆ ಮದುವೆಯಾಗಿ ಬಂದವರೆಲ್ಲ ಅವರಿಗೆ ಸೊಸೆಯರೇ. "ತಿನ್ನು ಸೊಸೆಮ್ಮ. ನೀನು ಈ ಊರಿಗೆ ಬರೋಕೆ ಮುಂಚಿನ ಕತೆ ಅದು."

ಎಜೆಯ ಮಗಳು ನಜಿರಾಳನ್ನು ಶಾರ್ಶೆನ್‌ರ ಕಿರಿಮಗನಿಗೆ ಕೊಟ್ಟಿತ್ತು. ಮದುವೆಯ ದಿನ ಪದ್ಧತಿಯಂತೆ ಬೀಗರಿಗೆ ನಿಲುವಂಗಿ ಹೊದಿಸಿದರು. ಬೀಗರು ಒಬ್ಬರನ್ನೊಬ್ಬರು ಕಾಲೆಳೆಯದಿದ್ದರೆ ಅದು ಮದುವೆಯೇ ಅಲ್ಲ. ಶಾರ್ಶೆನ್ ಎರಡೂ ಜೇಬಿಗೆ ಕೈ ಹಾಕಿ, ನೂರು ಜನರ ಮುಂದೆ, "ಬೀಗಿತ್ತಿ, ನಿಲುವಂಗಿ ಭರ್ಜರಿಯಾಗಿದೆ, ಜೇಬು ಯಾಕೋ ಖಾಲಿ!" ಅಂದರು. ಎಜೆ ನಗುನಗುತ್ತ ಗೊಂಚಲಿನಿಂದ ಕೈಗೆ ಸಿಕ್ಕ ದೊಡ್ಡ ಕೀಲಿಕೈ, ಅಟ್ಟದ್ದು, ಬಿಚ್ಚಿ ಜೇಬಿಗೆ ಹಾಕಿದರು. "ತಗೊಳ್ಳಿ, ಇವತ್ತಿನಿಂದ ನಮ್ಮ ಸೂರೂ ನಿಮ್ಮದೇ!"

"ಎಲ್ಲರೂ ಚಪ್ಪಾಳೆ ತಟ್ಟಿದ್ರು," ಎಜೆ ಅಂದರು. "ನಾನೂ ತಟ್ಟಿದೆ. ಆಗ ಊರಲ್ಲಿ ಬೇರೆ ಕಂಪನಿ ಎಲ್ಲಿತ್ತು? ಅಟ್ಟದಲ್ಲಿ ಪಾರಿವಾಳ ಬಿಟ್ರೆ ಯಾರಿಗೆ ಏನು ಕೆಲಸ ಅಂತ."

"ಹಾಗಾದ್ರೆ ವಾಪಸ್ ಕೇಳಿ."

"ಬೀಗರಿಗೆ ಕೊಟ್ಟ ಉಡುಗೊರೆ ವಾಪಸ್ ಕೇಳೋದಾ? ನಜಿರಾಗೆ ದಿನ ತುಂಬಿದೆ. ಕೊಟ್ಟದ್ದನ್ನ ಕಿತ್ಕೊಂಡವಳ ಮಗಳು ಅಂತ ಆ ಮನೇಲಿ ಜೀವಮಾನ ಪೂರ್ತಿ ಅನ್ನಿಸ್ಕೋಬೇಕು ಅವಳು."

"ಬಾಗಿಲು ಒಡೆದ್ರೆ?"

"ಒಡೆದ್ರೆ ಇನ್ನೂ ಚೆನ್ನಾಗಿ ಅನ್ನಿಸ್ಕೋತಾಳೆ."

ಮೀರಿಮ್‌ಗೆ ತಡೆಯಲಾಗಲಿಲ್ಲ. "ನಿಮ್ಮ ಮಗಳು ಮಾತು ಕೇಳಬಾರದು ಅಂತ ನನ್ನ ಮಗಳು ಮಾತೇ ಆಡದೆ ಇರಬೇಕಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸೆಜಿಮ್ ನೆಲದ ಮೇಲೆ ಕೀಲಿಕೈಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸುತ್ತಿದ್ದಳು. ಗೊಂಚಲನ್ನು ಅವಳ ಕೈಯಿಂದ ಬಿಡಿಸಿ, ಚಹಾ ಅರ್ಧಕ್ಕೇ ಬಿಟ್ಟು, ಮೀರಿಮ್ ಮೇಲೆ ಬಂದಳು. ಆಮೇಲೆ ಮೂರು ದಿನ ಮೆಟ್ಟಿಲ ಮೇಲೆ ಕೀಲಿಕೈ ಸದ್ದು ಕೇಳಿದರೆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ನಾಚಿಕೆಯೋ ಸಿಟ್ಟೋ ಅವಳಿಗೇ ಗೊತ್ತಿರಲಿಲ್ಲ.

ಶುಕ್ರವಾರ ಪಾಠದ ಹೊತ್ತಿಗೆ ಟೀಚರ್ ಫೋನಿನಲ್ಲಿ ಬರೀ ದನಿಯಲ್ಲೇ ಸಿಕ್ಕರು. ಇದೊಂದು ತಿಂಗಳು ನೋಡಿ ನಿಲ್ಲಿಸೋಣ, ಸುಮ್ಮನೆ ನಿಮ್ಮ ದುಡ್ಡು ದಂಡ, ಅಂದರು. ಮೀರಿಮ್ ಫೋನ್ ಇಟ್ಟು ಇನ್ನೂ ಕಣ್ಣು ಒರೆಸಿಕೊಂಡಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು. ಕನಿಶಾಯ್ ಎಜೆ. ಐದು ಮಹಡಿ ಹತ್ತಿದವರಂತೆ ಏದುಸಿರು.

"ಕೋಟು ಹಾಕ್ಕೋ! ನಜಿರಾ ಹೆತ್ತಳು, ಹೆಣ್ಣು ಮಗು, ಮೂರು ಕಿಲೋ ನಾನೂರು. ಈಗ ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದ್ಲು, ಮೊದಲು ನನಗೇ. ಅಳಿಯ ಎಲ್ಲೋ ಹಳ್ಳೀಲಿ ತಂತಿ ಎಳೀತಾ ಕಂಬದ ಮೇಲಿದಾನೆ, ಸಿಗ್ನಲ್ ಇಲ್ಲ. ಬೀಗರಿಗೆ ಇನ್ನೂ ಗೊತ್ತಿಲ್ಲ."

"ಸಂತೋಷ ಎಜೆ, ಆದ್ರೆ ನಾನು..."

"ನೀನೇ. ಓಡು. ಸುಯುಂಚು ಕೇಳು."

ಮೀರಿಮ್ ಅವರ ಮುಖ ನೋಡಿದಳು. ಶುಭ ಸುದ್ದಿ ಮೊದಲು ತಂದವರು ಸುದ್ದಿ ಹೇಳುವ ಮುಂಚೆ "ಸುಯುಂಚು!" ಅಂತ ಕೂಗುತ್ತಾರೆ. ಕೇಳಿದವರು "ಆಗಲಿ" ಅನ್ನಬೇಕು. ಅಂದ ಮೇಲೆ ತಂದವರು ಬಯಸಿದ್ದನ್ನು ಕೊಡಬೇಕು. ಕೊಡದೆ ಹೋದರೆ ಆ ಸಂತೋಷ ದಕ್ಕುವುದಿಲ್ಲ ಅಂತ ಊರಿನ ನಂಬಿಕೆ.

"ನಾನು ಕೊಟ್ಟದ್ದನ್ನ ನಾನು ಕೇಳೋ ಹಾಗಿಲ್ಲ," ಎಜೆ ಸೆಜಿಮ್‌ಳನ್ನು ಎತ್ತಿಕೊಂಡರು. "ನೀನು ಕೇಳಬಹುದಲ್ಲ. ಹೋಗು, ಅವಳ ಅತ್ತೆಗೆ ಯಾರಾದ್ರೂ ಫೋನ್ ಮಾಡೋ ಅಷ್ಟರಲ್ಲಿ!"

ಮೀರಿಮ್ ಓಡಿದಳು. ಸೇತುವೆಯ ಮೇಲೆ ಮಂಜುಗಡ್ಡೆ. ಒಂದು ಸಲ ಜಾರಿ ಮೊಣಕಾಲೂರಿದಳು, ಎದ್ದಳು. ದಾರಿಯುದ್ದಕ್ಕೂ ತಲೆಯಲ್ಲಿ ಬರೀ ದುಗುಡ. ಫೋನ್ ಹೋಗಿಬಿಟ್ಟಿದ್ದರೆ? ಒಲೆ ಆರಿಸಿದೆನಾ? ಎಜೆ ಮಗುವಿಗೆ ಬೀಜ ಇರುವ ಒಣ ಏಪ್ರಿಕಾಟ್ ಕೊಟ್ಟುಬಿಟ್ಟರೆ? ಅವರು ಇಲ್ಲ ಅಂದರೆ ನಾಳೆಯಿಂದ ಯಾವ ಮುಖ ಹೊತ್ತು ಎಜೆ ಮುಂದೆ ನಿಲ್ಲುವುದು?

ಕಂಪನಿಯ ಕಚೇರಿಯಲ್ಲಿ ಸಾಲು ಬಾಗಿಲಿನವರೆಗೆ ಇತ್ತು. ಎಲ್ಲರೂ ಬಿಲ್ ಹಿಡಿದವರೇ. ಶಾರ್ಶೆನ್ ಕೌಂಟರಿನ ಹಿಂದೆ ನಿಂತು ಒಬ್ಬ ಮುದುಕನಿಗೆ ಸಮಾಧಾನ ಹೇಳುತ್ತಿದ್ದರು. "ಮೇಲಿನ ಕಂಪನಿಯವರು ನನಗೆ ಏರಿಸ್ತಾರೆ, ನಾನು ನಿಮಗೆ ಏರಿಸ್ತೀನಿ. ನಾನೇನು ಮನೇಲಿ ಇಂಟರ್ನೆಟ್ ಕಡೀತೀನಾ ಅಜ್ಜ?"

"ಮೊಸರು ಕಡೀತಿದ್ರೆ ಮಜ್ಜಿಗೆಯಾದ್ರೂ ಬರ್ತಿತ್ತು," ಮುದುಕ ಅಂದ. ಸಾಲಿನಲ್ಲಿ ನಗು.

"ಶಾರ್ಶೆನ್ ಬಾಯ್ಕೆ!" ಅಣ್ಣನನ್ನು ಕರೆಯುವಂತೆ ಮೀರಿಮ್ ಕೂಗಿದಳು. ಅವಳ ದನಿ ಅವಳಿಗೇ ಕೀರಲಾಗಿ ಕೇಳಿಸಿತು. "ಸುಯುಂಚು!"

ಇಡೀ ಕಚೇರಿ ತಿರುಗಿತು. ಶಾರ್ಶೆನ್ ಕೈಯಲ್ಲಿದ್ದ ಕಾಗದ ಅಲ್ಲೇ ಬಿಟ್ಟರು. ಮುಖ ಒಮ್ಮೆಲೇ ಬೇರೆಯಾಯಿತು, ಬಿಲ್ಲಿನ ಯಜಮಾನ ಹೋಗಿ ಮೊಮ್ಮಗುವಿನ ಸುದ್ದಿಗೆ ಕಾದಿದ್ದ ಅಜ್ಜ ಬಂದ. "ಆಗಲಿ! ಕೊಟ್ಟೆ! ಹೇಳಮ್ಮ!"

"ಹೆಣ್ಣು ಮಗು. ಮೂರು ಕಿಲೋ ನಾನೂರು. ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ."

ಐದು ಗಂಡುಮಕ್ಕಳು, ಏಳು ಗಂಡು ಮೊಮ್ಮಕ್ಕಳ ಮನೆ ಅದು. ಹೆಣ್ಣು ಅಂತ ಹುಟ್ಟಿದ್ದೇ ಮೊದಲು. ಶಾರ್ಶೆನ್ ಟೋಪಿ ತೆಗೆದು ಕೌಂಟರಿಗೆ ಬಡಿದರು, ಆ ಮುದುಕನನ್ನೇ ತಬ್ಬಿದರು. "ಕೇಳಮ್ಮ, ಏನು ಬೇಕು? ಕುರಿ? ರೇಷ್ಮೆ ಶಾಲು?"

"ನಮ್ಮ ಕಟ್ಟಡದ ಅಟ್ಟದ ಕೀಲಿಕೈ."

ಅವರ ನಗು ಮುಖದ ಮೇಲೇ ನಿಂತುಹೋಯಿತು, ಪಾಠದ ನಡುವೆ ಟೀಚರ್ ಚಿತ್ರ ನಿಲ್ಲುವ ಹಾಗೆ. ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿದರು. "ನೀನು ನಾಲ್ಕನೇ ಮಹಡಿಯ ಸೊಸೆ ಅಲ್ವಾ? ಮಾತು ಬಾರದ ಮಗು ಇರೋಳು. ಅದನ್ನ ಬಿಡು. ನಿನ್ನ ಮನೆಗೆ ಒಂದು ವರ್ಷ ಎಲ್ಲಕ್ಕಿಂತ ಸ್ಪೀಡಿನ ಲೈನ್, ಪೂರ್ತಿ ಬಿಟ್ಟಿ. ಇವತ್ತು ಸಂಜೆಗೇ ಹಾಕಿಸ್ತೀನಿ."

ಇವತ್ತು ಸಂಜೆ. ಮಂಗಳವಾರದ ಪಾಠದಲ್ಲಿ ತುಟಿಯೂ ದನಿಯೂ ಒಟ್ಟಿಗೆ. ಒಂದು ವರ್ಷದಲ್ಲಿ ಎಷ್ಟು ಮಾತು! ಹೂಂ ಅನ್ನುವುದಕ್ಕೆ ಮೀರಿಮ್ ತಲೆ ಅರ್ಧ ಬಗ್ಗಿಯೇಬಿಟ್ಟಿತ್ತು. ಅಷ್ಟರಲ್ಲಿ ತನ್ನ ಮನೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಎಜೆ ನೆನಪಿಗೆ ಬಂದರು. ಮೊದಲ ಮೊಮ್ಮಗಳು ಹುಟ್ಟಿದ ಸುದ್ದಿ. ಬೀಗರ ಕೈಯಿಂದ ಕುರಿಯೋ ಶಾಲೋ ಇಸಿದುಕೊಂಡು ಊರಿಗೆಲ್ಲ ತಾವೇ ಸಾರಬಹುದಿತ್ತು. ಅದನ್ನು ಬಿಚ್ಚಿ ಇವಳ ಕೈಗೆ ಕೊಟ್ಟಿದ್ದರು, ಮೂರು ದಿನ ಬಾಗಿಲು ತೆರೆಯದವಳ ಕೈಗೆ.

"ಕೀಲಿಕೈ, ಬಾಯ್ಕೆ," ಅಂದಳು. "ಆಗಲಿ ಅಂದಿದೀರಿ."

"ಅಂದಿದಾನೆ, ನಾವೆಲ್ಲ ಕೇಳಿದೀವಿ," ಮುದುಕ ಜೋರಾಗಿ ಹೇಳಿದ. "ಮೊಮ್ಮಗಳ ಸುಯುಂಚು ಕಣಪ್ಪ. ಚೌಕಾಸಿ ಮಾಡ್ತಾರಾ?"

ಶಾರ್ಶೆನ್ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿಕೈ. "ನನ್ನ ಬೀಗಿತ್ತಿ ಟೆಲಿಫೋನಿನವಳು," ಅಂದರು. "ಯಾವ ತಂತಿ ಎಲ್ಲಿಗೆ ಚುಚ್ಚಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಹೋಗಿ ಹೇಳು." ನಗುತ್ತಿದ್ದರೋ ಇಲ್ಲವೋ, ಮೀರಿಮ್‌ಗೆ ಗೊತ್ತಾಗಲಿಲ್ಲ. ಕೀಲಿಕೈ ತೆಗೆದುಕೊಂಡು ಹೊರಗೆ ಬಂದವಳು ಸೇತುವೆಯ ಕಡೆ ಹೆಜ್ಜೆ ಹಾಕಿದಳು.

ಹೊಸ ತಂತಿ ಹತ್ತು ದಿನದಲ್ಲಿ ಇಳಿಯಿತು. ತಿಂಗಳೊಳಗೆ ಶಾರ್ಶೆನ್‌ರೂ ಆ ಕಟ್ಟಡದ ಮಟ್ಟಿಗೆ ಬೆಲೆ ಇಳಿಸಿದರು, ಪೂರ್ತಿಯಲ್ಲ, ಕಾಲು ಭಾಗ. ಮೀರಿಮ್ ಸೇರಿ ಹನ್ನೊಂದು ಮನೆಯವರು ಹೊಸ ಕಂಪನಿಗೆ ಹೋದರು, ಒಂಬತ್ತು ಮನೆಯವರು ಶಾರ್ಶೆನ್‌ರಲ್ಲೇ ಉಳಿದರು. ಉಳಿದವರಲ್ಲಿ ಮೊದಲನೆಯವರು ಕನಿಶಾಯ್ ಎಜೆ. "ಬೀಗರನ್ನ ಬಿಟ್ಟು ಹೋಗೋಕಾಗತ್ತಾ?" ಅಂದರು. ಮಗುವಿನ ತೊಟ್ಟಿಲ ಶಾಸ್ತ್ರದ ದಿನ ಬೀಗರು ಅವರನ್ನು ಪಂಕ್ತಿಯ ಮೇಲ್ತುದಿಯ ಗೌರವದ ಜಾಗಕ್ಕೆ ಕರೆಯಲಿಲ್ಲ, ನಡುವೆ ಕೂರಿಸಿದರು. ಎಜೆ ಅದನ್ನು ಯಾರಿಗೂ ಹೇಳಲಿಲ್ಲ, ಕಟ್ಟಡಕ್ಕೆ ಹೇಗೋ ಗೊತ್ತಾಯಿತು. ಕರೆಯದೆ ಆ ಮನೆಗೆ ಪದೇ ಪದೇ ಹೋಗುವಂತೆಯೂ ಇರಲಿಲ್ಲ.

ಆದ್ದರಿಂದ ಶುಕ್ರವಾರ ಎಜೆ ನಾಲ್ಕನೇ ಮಹಡಿಗೆ ಹತ್ತಿ ಬರುತ್ತಾರೆ, ನಜಿರಾಗೆ ವೀಡಿಯೊ ಕರೆ ಮಾಡಿ ಮೊಮ್ಮಗಳನ್ನು ನೋಡೋಕೆ. "ನನ್ನ ಮನೇಲಿ ಮೊಮ್ಮಗಳು ಆಕಳಿಸಿದ್ರೆ ಆಕಳಿಸಿದ ಹಾಗೇ ಇರ್ತಾಳೆ," ಅನ್ನುತ್ತಾರೆ. "ಅವಳ ಅಜ್ಜನ ತಂತೀನೇ ಅದು, ಏನು ಹೇಳೋದು!" ಸೆಜಿಮ್ ಪಾಠ ಮುಗಿಯುವ ತನಕ ಅವರ ಸರದಿ ಬರುವುದಿಲ್ಲ. ಗೊಂಚಲು ತೊಡೆಯ ಮೇಲಿಟ್ಟುಕೊಂಡು, ಸದ್ದಾಗದಂತೆ ಅಂಗೈಯಲ್ಲಿ ಒತ್ತಿ ಹಿಡಿದು ಮೂಲೆಯಲ್ಲಿ ಕೂತಿರುತ್ತಾರೆ.

ಪರದೆಯ ಮೇಲೆ ಟೀಚರ್ ತುಟಿ ದುಂಡಗಾಗುತ್ತದೆ, ದನಿ ಅದರ ಜೊತೆಗೇ ಬರುತ್ತದೆ. ಫ್ರಿಜ್ ಮೇಲಿನ ಚೀಟಿಯಲ್ಲಿ ಹದಿನಾರು ಮಾತು. ಹೋದ ಮೂರರಲ್ಲಿ ಎರಡು ವಾಪಸ್ ಬಂದಿವೆ. ಒಂದು ಇನ್ನೂ ಬಂದಿಲ್ಲ. ಮೀರಿಮ್ ಈಗಲೂ ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತಾಳೆ.

ಮೊನ್ನೆ ಶುಕ್ರವಾರ ಟೀಚರ್, "ಇವತ್ತಿಗೆ ಹೊತ್ತಾಯ್ತು ಪುಟ್ಟಿ," ಅಂದರು. ಸೆಜಿಮ್ ತುಟಿ ಇನ್ನೂ ದುಂಡಗೇ ಇತ್ತು, ಏನೋ ಬರುವುದರಲ್ಲಿತ್ತು. ಮೀರಿಮ್ ಗಾಬರಿಯಿಂದ ಗಡಿಯಾರ ನೋಡಿದಳು.

ಮೂಲೆಯಿಂದ ಕನಿಶಾಯ್ ಎಜೆ ಗಡಿಯಾರದ ಕಡೆ ಬೆನ್ನು ತಿರುಗಿಸಿ ಕೂತರು. "ನನಗೇನೂ ಅವಸರ ಇಲ್ಲಮ್ಮ," ಅಂದರು. "ಆಡಲಿ."