ಅಟ್ಟ ಇಳಿಸದ ವರ್ಷ

ಮೊನ್ನೆ ಆಳು ಸಿಗದೆ ನಾನೇ ನಮ್ಮ ಅಟ್ಟದಿಂದ ತೆಂಗಿನಕಾಯಿ ಇಳಿಸುವಾಗ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಕರಟ ಬಿಟ್ಟುಕೊಂಡು ಲೊಡಲೊಡ ಎಂದಿತು. ಇಂಥ ಕಾಯಿಗೆ ನಮ್ಮ ಕಡೆ ಗಿಟುಕು ಎನ್ನುತ್ತಾರೆ. ಆ ಸದ್ದು ಕೇಳಿ ಏಣಿಯ ಬುಡದಲ್ಲೇ ಕೂತುಬಿಟ್ಟೆ. ಸೊಸೆ ಬಂದು, ‘ಯಾಕ್ ಮಾವ, ತಲೆ ಸುತ್ತಿತಾ?’ ಎಂದಳು. ತಲೆ ಸುತ್ತಿರಲಿಲ್ಲ. ಪಕ್ಕದ ತೋಟದಣ್ಣ ನೆನಪಾಗಿದ್ದ.

ಹಂದನಕೆರೆ ಕಡೆಯ ನಮ್ಮೂರಲ್ಲಿ ಅವನ ತೋಟಕ್ಕೂ ನನ್ನ ತೋಟಕ್ಕೂ ನಡುವೆ ಒಂದು ಕತ್ತಾಳೆ ಬೇಲಿಯಷ್ಟೇ ಇತ್ತು. ರಕ್ತಸಂಬಂಧವಿಲ್ಲದಿದ್ದರೂ ಅವನು ನನಗೆ ಅಣ್ಣ, ಅವನ ಹೆಂಡತಿ ಅತ್ತಿಗೆ. ಅವರಿಗೆ ಮಕ್ಕಳಾಗಲಿಲ್ಲ. ಅಟ್ಟಕ್ಕೆ ಕಾಯಿ ಏರಿಸಲು ಅವರು ಆಳು ಕರೆಯುತ್ತಿರಲಿಲ್ಲ. ಅಣ್ಣ ಕೆಳಗಿನಿಂದ ಎಸೆಯುತ್ತಿದ್ದ, ಅತ್ತಿಗೆ ಮೇಲೆ ಹಿಡಿದು ಜೋಡಿಸುತ್ತಿದ್ದಳು. ವರ್ಷ ಕಳೆದು ಕೊಬ್ಬರಿಯಾದ ಮೇಲೆ ಏರಿಸಿದವರೇ ಇಳಿಸಬೇಕೆಂಬುದು ಅವನ ತಾಯಿಯ ಕಾಲದಿಂದ ಬಂದ ನಡಾವಳಿ. ಅತ್ತಿಗೆ ಒಂದೊಂದನ್ನೂ ಅಲ್ಲಾಡಿಸಿ, ಸದ್ದು ಕೇಳಿ, ಕೆಳಗೆ ಕೊಡುತ್ತಿದ್ದಳು.

ಆಗ ನಾನು ಹೇಗಿದ್ದೆ ಎಂಬುದನ್ನೂ ಬರೆಯಬೇಕು... ಹರಾಜಿನ ದಿನ ಕೊಬ್ಬರಿ ಮೂಟೆಗಳೊಂದಿಗೆ ತಿಪಟೂರಿಗೆ ಹೋದವನು ಅಂದೇ ಹಿಂದಿರುಗುತ್ತಿರಲಿಲ್ಲ. ಅಲ್ಲಿ ಒಬ್ಬಳಿದ್ದಳು. ಮನೆಗೆ ಬಂದು ಕೊನೇ ಬಸ್ಸು ತಪ್ಪಿತೆನ್ನುತ್ತಿದ್ದೆ. ನನ್ನ ಹೆಂಡತಿಗೆ ಎಲ್ಲ ತಿಳಿದಿತ್ತು. ಜಗಳವಾಡುತ್ತಿರಲಿಲ್ಲ. ರೊಟ್ಟಿ ತಟ್ಟುತ್ತ, ‘ಪಕ್ಕದ ತೋಟದೋರಿಗೆ ಮಾತ್ರ ಬಸ್ಸು ಯಾವತ್ತೂ ತಪ್ಪಲ್ಲ ನೋಡ್ರಿ’ ಎನ್ನುತ್ತಿದ್ದಳು.

ಆ ಮಾತು ನನಗೆ ಚುಚ್ಚುತ್ತಿತ್ತು. ಅಣ್ಣನೂ ನನ್ನಂತಾದರೆ ಅವಳ ಬಾಯಿ ಮುಚ್ಚೀತು ಅನ್ನಿಸುತ್ತಿತ್ತು. ಅದೇ ಹೊತ್ತಿಗೆ ಅವನ ದಾಯಾದಿಗಳು ಇನ್ನೊಂದು ಮದುವೆಗೆ ಗಂಟುಬಿದ್ದಿದ್ದರು. ಕಾನೂನು ಒಪ್ಪದಿದ್ದರೂ ಮಕ್ಕಳ ನೆಪದಲ್ಲಿ ಇಂಥದ್ದು ಆಗೆಲ್ಲ ನಡೆದುಹೋಗುತ್ತಿತ್ತು. ದಬ್ಬೇಘಟ್ಟದ ಕಡೆ ಒಂದು ಹೆಣ್ಣನ್ನೂ ಗೊತ್ತು ಮಾಡಿದ್ದರು. ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತು ನಾನೂ ಒತ್ತಾಯಿಸಿದೆ.

‘ನಿಮ್ಮನೆ ಹುಂಜ ನೋಡಣ್ಣ, ಎಷ್ಟು ಕೋಳಿ ಆಳ್ತದೆ. ಅದಕ್ಕಿರೋ ಧೈರ್ಯ ನಿನಗಿಲ್ವಲ್ಲ.’

ಅವನು ನಕ್ಕ. ‘ಹುಂಜ ಯಾವತ್ತಾದ್ರೂ ಮೊಟ್ಟೆ ಮೇಲೆ ಕೂತಿದ್ದು ನೋಡಿದ್ದೀಯೇನ್ಲಾ?’ ಸಿಡಿಲು ಹೊಡೆದು ತಲೆ ಹೋದ ತೆಂಗಿನ ಬೊಡ್ಡೆಯೊಂದು ಎದುರಿಗಿತ್ತು. ಅದರ ಪೊಟರೆಯಲ್ಲಿ ಗೊರವಂಕದ ಜೋಡಿಯೊಂದು ಪ್ರತಿವರ್ಷ ಗೂಡು ಕಟ್ಟುತ್ತಿತ್ತು. ಅದನ್ನು ತೋರಿಸಿ, ‘ಅವು ನೋಡು, ಒಂದು ಹೊರಗೋದ್ರೆ ಇನ್ನೊಂದು ಬಾಗಿಲಲ್ಲಿ’ ಎಂದ. ಅವುಗಳಿಗೆ ಮರಿಗಳಾದರೂ ಇವೆಯಲ್ಲ ಎಂದೆ. ‘ನಮ್ಮ ಗೂಡಲ್ಲಿ ಮರಿ ಇಲ್ಲ, ಜೋಡಿ ಐತೆ. ಬುಡು’ ಎಂದು ಎದ್ದುಹೋದ.

ಮಾರನೆಯ ದಿನ ಬೇಲಿಯ ಹತ್ತಿರ ಗರಿ ಎತ್ತಿಹಾಕುತ್ತಿದ್ದ ಅತ್ತಿಗೆಗೆ ನಾನು ಸುಳ್ಳು ಹೇಳಿದೆ. ‘ಅಣ್ಣ ಒಪ್ಪಿಬಿಟ್ಟವ್ನೆ ಅತ್ತಿಗೆ. ನಿಮಗೆ ಹೇಳಕ್ಕೆ ಅವನಿಗೆ ಬಾಯಿಲ್ಲ.’

‘ಅವರೇ ಅಂದ್ರಾ?’

‘ನನ್ನ ಮುಂದೇನೇ ಅಂದ.’

ಅವಳು ಅಳಲಿಲ್ಲ. ಕೈಯಲ್ಲಿದ್ದ ಗರಿಯನ್ನು ರಾಶಿಯ ಮೇಲೆ ನೆಟ್ಟಗೆ ಇಟ್ಟು ಒಳಗೆ ಹೋದಳು. ಮಧ್ಯಾಹ್ನದ ಬಸ್ಸಿಗೆ ಕಂದಿಕೆರೆಯ ತಮ್ಮನ ಮನೆಗೆ ಹೊರಟುಹೋದಳು.

ಕರೆಯಲು ಹೋದ ಅಣ್ಣನನ್ನು ಅವಳ ತಮ್ಮ ಒಳಗೇ ಬಿಡಲಿಲ್ಲವಂತೆ. ‘ಮದುವೆ ಮುಗಿಸ್ಕೊಳಿ ಹೋಗಿ’ ಎಂದನಂತೆ. ಆಣೆ ಇಟ್ಟರೂ ನಂಬಲಿಲ್ಲ. ಅಣ್ಣ ಬಂದು ನನ್ನ ಜಗಲಿಯ ಮೇಲೇ ಕೂತು, ‘ನಮ್ಮ ದಾಯಾದಿಗಳೇ ಯಾರೋ ಹೊತ್ತಿಸವ್ರೆ ಕಣ್ಲಾ’ ಎಂದ. ನಾನು ಅವನಿಗೆ ಕುಡಿಯಲು ನೀರು ಕೊಟ್ಟೆ.

ಕಾಯಿ ಇಳಿಸುವ ಕಾಲ ಬಂತು. ಊರಿನ ಎಲ್ಲ ಅಟ್ಟಗಳೂ ಖಾಲಿಯಾದವು, ಅವನದೊಂದು ಬಿಟ್ಟು. ‘ಹುಳ ಬೀಳ್ತದಣ್ಣ, ನಾನು ಹತ್ತುತೀನಿ’ ಎಂದೆ. ‘ಏರ್ಸಿದೋಳು ಬರ್ಲಿ’ ಎಂದ. ದಾಯಾದಿಗಳು ಮತ್ತೆ ಹೆಣ್ಣಿನ ಮಾತು ತೆಗೆದಾಗ ಅಟ್ಟದ ಕಡೆ ಕೈ ತೋರಿಸಿ, ‘ಮೊದ್ಲು ಅದು ಇಳೀಲಿ’ ಎಂದನಂತೆ. ಅವನಿಗೆ ತಲೆ ಕೆಟ್ಟಿದೆ ಎಂದು ಜನ ಬಸ್ಸಿನಲ್ಲಿ ಆಡಿಕೊಂಡರು. ಆ ಮಾತು ಕಂದಿಕೆರೆಯನ್ನೂ ಮುಟ್ಟಿತು. ಹೊಸ ಹೆಂಡತಿಯನ್ನು ತರುವವನು ಹಳೆಯವಳಿಗಾಗಿ ಅಟ್ಟ ಕಾಯುವುದಿಲ್ಲ ಎಂದು ಅತ್ತಿಗೆಗೆ ಹೊಳೆದಿರಬೇಕು...

ಒಂದು ಬೆಳಿಗ್ಗೆ ತೋಟದಲ್ಲಿ ನೀರು ಕಟ್ಟುತ್ತಿದ್ದೆ. ಬೇಲಿಯಾಚೆಯಿಂದ ಲೊಡಲೊಡ ಸದ್ದು ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆ ಅದೇ ಸದ್ದು. ಇಣುಕಿ ನೋಡಿದೆ. ತೆರೆದ ಬಾಗಿಲೊಳಗೆ ಅಣ್ಣ ಕೈ ಚಾಚಿ ನಿಂತಿದ್ದ. ಮೇಲಿನಿಂದ ಬಳೆ ತೊಟ್ಟ ಕೈಯೊಂದು ಕಾಯಿ ಕೊಡುತ್ತಿತ್ತು. ಆ ವರ್ಷದ ಕೊಬ್ಬರಿ ಬಹುಪಾಲು ಹುಳ ತಿಂದು ಹೋಗಿತ್ತು.

ಅಂದಿನಿಂದ ನಾನು ತಿಪಟೂರಿನಲ್ಲಿ ಉಳಿಯುವುದನ್ನು ಬಿಟ್ಟೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಇನ್ನೂ ಕೆಲವು ವರ್ಷ ನಡೆದೇ ಇತ್ತು.

ಅಣ್ಣ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಕಾರ್ಯವೆಲ್ಲ ಮುಗಿದ ಮೇಲೆ ಅತ್ತಿಗೆಯ ಮುಂದೆ ಕೂತು, ಅವತ್ತು ಹೇಳಿದ್ದು ಸುಳ್ಳು ಎಂದೆ.

‘ಗೊತ್ತು ಕಣಪ್ಪ. ಅಟ್ಟ ಹತ್ತಿದ ದಿನಾನೇ ಗೊತ್ತಾಯ್ತು.’

‘ಮತ್ತೆ ಅಣ್ಣನಿಗೆ?’

‘ಹೇಳ್ಲಿಲ್ಲ. ಯಾರಂದ್ರು ಅಂತ ಎಷ್ಟು ಸಲ ಕೇಳಿದ್ರೂ ಹೇಳ್ಲಿಲ್ಲ.’ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಅವರಿಗೆ ಹೆಂಡ್ತಿ ಒಬ್ಳೇ ಇದ್ದಂಗೆ ಗೆಳೆಯನೂ ಒಬ್ನೇ ಇದ್ದ. ಅದನ್ನ ನಾನ್ಯಾಕೆ ಕಿತ್ಕೊಳ್ಳಲಿ?’

ಅತ್ತಿಗೆಯೂ ಈಗಿಲ್ಲ. ಆ ಮನೆಯ ಅಟ್ಟ ಬರಿದಾಗಿದೆ. ತೆಂಗಿನ ಬೊಡ್ಡೆ ಬಿದ್ದು ಗೊರವಂಕಗಳು ಬೇರೆಲ್ಲೋ ಹೋದವು. ಸೊಸೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಒಮ್ಮೆ ಮಾತಿಗೆ, ಜೋಡಿ ಬಿಡದ ಹಕ್ಕಿಗಳ ಗೂಡಿನಲ್ಲೂ ಕೆಲವು ಸಲ ಬೇರೆ ಗಂಡಿನ ಮರಿ ಇರುತ್ತದೆಂದು ಹೇಳಿದಳು. ಕೇಳಿದ ಗಳಿಗೆ ನನಗೆ ಒಳಗೊಳಗೇ ಹಗುರವಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆಮೇಲೆ ಯೋಚಿಸಿದೆ. ಅಣ್ಣ ಹಕ್ಕಿಯನ್ನು ನೋಡಿ ಹಾಗೆ ಬಾಳಿದವನಲ್ಲ. ತಾನು ಹಾಗಿದ್ದುದರಿಂದ ಹಕ್ಕಿಯಲ್ಲೂ ಅದನ್ನೇ ಕಂಡ. ನಾನು ಹುಂಜವನ್ನು ಕಂಡೆ.

ಏಣಿಯ ಬುಡದಲ್ಲಿ ಕೂತ ನನ್ನ ಕೈಯಿಂದ ಸೊಸೆ ಕಾಯಿ ತೆಗೆದುಕೊಂಡು, ‘ನಾನು ಹತ್ತಲಾ ಮಾವ?’ ಎಂದಳು. ಈ ಸಲ ಬಿಟ್ಟರೆ ನಮ್ಮ ಅಟ್ಟಕ್ಕೆ ಯಾವಾಗಲೂ ಆಳುಗಳೇ ಏರಿಸಿದರು, ಆಳುಗಳೇ ಇಳಿಸಿದರು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಇದೇ ಏಣಿಯ ಮೇಲೆ ಒಂದು ಕಾಲಿಟ್ಟು, ‘ನಾನೂ ಹತ್ತಲೇನ್ರೀ?’ ಎಂದು ಕೇಳಿದ್ದಳು.

ನಿನಗ್ಯಾಕೆ ಬುಡು ಎಂದಿದ್ದೆ. ಅವಳು ಕಾಲು ಕೆಳಗಿಳಿಸಿದಳು. ತೀರಿಹೋಗುವವರೆಗೂ ಮತ್ತೆ ಕೇಳಲಿಲ್ಲ.